ಆದಿಪರ್ವದ ಕ್ರೀಡಾಪ್ರಸಂಗಗಳೂ ವಿದ್ಯಾರ್ಥಿಯ ಮನಃಸ್ವಾಸ್ಥ್ಯವೂ

ಕ್ರೀಡೆಯು ವಿದ್ಯಾರ್ಥಿಯ ದೇಹಕ್ಕೆ ಮಾತ್ರವಲ್ಲದೆ ಮನಸ್ಸಿಗೂ ಹಿತಕರವೆಂಬುದು ಈಗ ಸರ್ವಸಮ್ಮತವಾದ ಮಾತಾಗಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2023ರಲ್ಲಿ ಉಚ್ಚಶಿಕ್ಷಣ ಸಂಸ್ಥೆಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿಯೂ ಕ್ರೀಡೆ, ಮಾನಸಿಕ ಕ್ಷೇಮ ಇವೆರಡನ್ನೂ ಒಂದೇ ಸೂತ್ರದಲ್ಲಿ ಪೋಣಿಸಿರುವುದುಂಟು. ಆದರೆ ಈ ಹಿತವು ಆಟದಿಂದ ತಾನಾಗಿಯೇ ಒದಗುವುದೋ, ಅಥವಾ ಬೇರೆ ಕೆಲವು ನಿಮಿತ್ತಗಳನ್ನು ಅಪೇಕ್ಷಿಸುವುದೋ ಎಂಬುದು ವಿಚಾರಣೀಯವಾಗಿದೆ.

ಮೊದಲು ಶಾಸ್ತ್ರವನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ವ್ಯಾಯಾಮದ ಫಲಗಳನ್ನು ಎಣಿಸುವಾಗ ಲಾಘವ, ಸ್ಥೈರ್ಯಾದಿಗಳೊಡನೆ ದುಃಖಸಹಿಷ್ಣುತೆಯನ್ನೂ ಹೇಳುತ್ತದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇಂಥದೇ ಪಟ್ಟಿಯನ್ನು ಕೊಡುವಾಗ ಈ ಒಂದು ಪದವನ್ನು ಬಿಟ್ಟಿರುವನು. ಆತನ ಪಟ್ಟಿಯಲ್ಲಿ ಉಳಿದಿರುವುದು ದೇಹಫಲವೇ. ಚರಕನಾದರೂ ಅದೇ ಅಧ್ಯಾಯದಲ್ಲಿ ಅತಿವ್ಯಾಯಾಮವನ್ನು ನಿಷೇಧಿಸಿರುವನು. ಆದುದರಿಂದ ಮನಸ್ಸಿಗೆ ಫಲವುಂಟು, ಆದರೆ ಅದು ಮಿತಿಗೆ ಅಧೀನವೆಂದಾಯಿತು. ಮಿತಿಯೊಂದೇ ಸಾಲದೆಂಬುದನ್ನು ತಿಳಿಸಲು ಮಹಾಭಾರತವೇ ಬೇಕು.

ಆದಿಪರ್ವದಲ್ಲಿ ಬಾಲಕನಾದ ಭೀಮನು ಕೌರವರನ್ನು ನೀರಿನಲ್ಲಿ ಮುಳುಗಿಸುವನು. ಅವರು ಹಣ್ಣಿಗಾಗಿ ಮರವೇರಿದರೆ ಮರವನ್ನೇ ಅಲುಗಿಸಿ ಕೆಡಹುವನು. ಇದು ಹುಡುಗತನವೇ ಹೊರತು ದ್ರೋಹವಲ್ಲವೆಂದು ವ್ಯಾಸರು ಸ್ಪಷ್ಟವಾಗಿ ಹೇಳಿರುವರು. ಆದರೂ ಆ ಆಟವು ದುರ್ಯೋಧನನ ಎದೆಯಲ್ಲಿ ಹಗೆಯಾಗಿ ಬೇರೂರಿ ಪ್ರಮಾಣಕೋಟಿಯಲ್ಲಿ ವಿಷವಾಗಿ ಹೊರಬಂದಿತು. ಒಂದೇ ಕ್ರೀಡೆ, ಆಡುವವನಿಗೆ ಉಲ್ಲಾಸ, ಬೀಳುವವನಿಗೆ ಉರಿ!

ಇನ್ನು ರಂಗಪ್ರದರ್ಶನದ ಪ್ರಸಂಗ. ಭೀಮ ದುರ್ಯೋಧನರ ಗದಾಭ್ಯಾಸವು ನಿಜವಾದ ಕಾಳಗಕ್ಕೆ ತಿರುಗುವಷ್ಟರಲ್ಲಿ, ನೋಟಕರೂ ಎರಡು ಪಕ್ಷವಾಗಿ ಒಡೆದಿರಲು, ದ್ರೋಣರು ಅಶ್ವತ್ಥಾಮನಿಂದ ಅದನ್ನು ನಿಲ್ಲಿಸಿದರು. ಇಲ್ಲಿ ಗುರುವಿನ ವಿವೇಕವು ಕೆಲಸ ಮಾಡಿತು. ಅನಂತರ ಬಂದ ಕರ್ಣನು ಹೊರಗಿನವನಲ್ಲ. ದ್ರೋಣರ ಬಳಿಗೆ ಕಲಿಯಬಂದವರಲ್ಲಿ ರಾಧೇಯನೂ ಒಬ್ಬನೆಂದು ಆ ಪರ್ವವೇ ಹೇಳಿದೆ. ಗುರುವಿನ ಅನುಮತಿ ಪಡೆದು, ಅರ್ಜುನನು ತೋರಿದ ಕೌಶಲವೆಲ್ಲವನ್ನೂ ಆತನು ತೋರಿದನು. ದ್ವಂದ್ವಕ್ಕೆ ನಿಂತೊಡನೆ ಕೃಪರು ಕುಲವನ್ನು ಕೇಳಿದರು. ದುರ್ಯೋಧನನು ಅಂಗರಾಜ್ಯವನ್ನಿತ್ತ ಮೇಲೆಯೂ ಭೀಮನು ಚಾವಟಿ ಹಿಡಿಯೆಂದು ಹಳಿದನು. ಆಗ ದ್ರೋಣರು ಆಡಿದ ಮಾತು ಒಂದೂ ಇಲ್ಲ. ಗದೆಯನ್ನು ತಡೆದ ಗುರು ನಾಲಗೆಯನ್ನು ತಡೆಯಲಿಲ್ಲ. ಸಹಪಾಠಿಗಳು ಕೊಡದ ಮನ್ನಣೆಯನ್ನು ದುರ್ಯೋಧನನೊಬ್ಬನೇ ಕೊಟ್ಟನಾಗಿ, ಕರ್ಣನ ಬಾಳು ಅವನಿಗೇ ಮಾರುಹೋಯಿತು.

ಇವು ರಾಜಕುಮಾರರ ಶಸ್ತ್ರಾಭ್ಯಾಸ, ಕಾಲೇಜಿನ ಆಟಕ್ಕೆ ದೃಷ್ಟಾಂತವಾಗವು ಎಂದು ಯಾರಾದರೂ ಆಕ್ಷೇಪಿಸಬಹುದು. ಶಸ್ತ್ರವು ಬೇರೆಯಾದರೂ ಗೆಲ್ಲುವ, ಸೋಲುವ, ಹೊರಗುಳಿಯುವ ಮನಸ್ಸು ಬೇರೆಯಲ್ಲ. ಪಂದ್ಯ ಗೆಲ್ಲಬಲ್ಲ ಹತ್ತು ಹನ್ನೆರಡು ಮಂದಿಗೆ ಮೈದಾನವನ್ನೂ ಮಿಕ್ಕವರಿಗೆ ಚಪ್ಪಾಳೆಯನ್ನೂ ಹಂಚುವ ವಿದ್ಯಾಲಯವು, ಕ್ರೀಡೆಯಿಂದ ಮನಸ್ಸು ಸ್ವಸ್ಥವಾಗುವುದೆಂದು ಹೇಳಿಕೊಳ್ಳುವುದು ಯುಕ್ತವಲ್ಲ. ಓಟದಲ್ಲಿ ಹಿಂದುಳಿದವನನ್ನು ಹಾಸ್ಯಮಾಡುವಲ್ಲಿಯೂ, ಕುಲವನ್ನೋ ಹಣವನ್ನೋ ನೋಡಿ ತಂಡ ಕಟ್ಟುವಲ್ಲಿಯೂ ಆ ಫಲವು ನಿಲ್ಲಲಾರದು.

ಆದುದರಿಂದ ಕ್ರೀಡೆಯು ಮನಃಸ್ವಾಸ್ಥ್ಯಕ್ಕೆ ಕಾರಣವೇ ಸರಿ; ಆದರೆ ಮಿತಿ, ಸಮಭಾವ, ಗುರುವಿನ ಎಚ್ಚರ ಈ ಮೂರೂ ಸಹಕಾರಿಗಳಾದಾಗ ಮಾತ್ರ. ರಂಗಪ್ರಸಂಗವನ್ನು ಪಾಠಹೇಳುವ ಅಧ್ಯಾಪಕರು ಅರ್ಜುನನ ಬಿಲ್ಗಾರಿಕೆಯಲ್ಲಿಯೇ ನಿಲ್ಲದೆ ತಲೆತಗ್ಗಿಸಿ ನಿಂತ ಕರ್ಣನನ್ನೂ ತೋರಿಸಬೇಕು. ಆ ತರಗತಿಯಲ್ಲಿಯೇ ಅಂಥವನೊಬ್ಬನು ಕುಳಿತಿರಬಹುದು.