ಅಲ್ ಗೋರ್ ಹೇಳುವ 'ನಾವು' ಯಾರು?

ತಮಿಳಿನಲ್ಲಿ 'ನಾವು' ಅನ್ನೋದಕ್ಕೆ ಎರಡು ಪದಗಳಿವೆ. ಕೇಳುತ್ತಿರುವ ನೀವೂ ಸೇರಿದ್ರೆ 'ನಾಮ್', ನಿಮ್ಮನ್ನು ಬಿಟ್ಟು ನಾವಷ್ಟೇ ಅಂದ್ರೆ 'ನಾಂಗಳ್'. ತೆಲುಗಿನಲ್ಲೂ ಹಾಗೇ, 'ಮನಂ' ಬೇರೆ, 'ಮೇಮು' ಬೇರೆ. ಇವತ್ತಿನ ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಇಂಗ್ಲಿಷಿನಲ್ಲೂ ಅಷ್ಟೇ. ದಿನನಿತ್ಯದ ಮಾತಿಗೆ ಇದರಿಂದ ತೊಂದರೆಯೇನಿಲ್ಲ. ಆದರೆ ಯಾರಾದರೂ ವೇದಿಕೆ ಮೇಲೆ ನಿಂತು 'ನಾವು ಭೂಮಿಯನ್ನು ಬಿಸಿ ಮಾಡಿದ್ದೇವೆ' ಅಂದಾಗ, ಸ್ವಾಮಿ, ಇದು ಯಾವ ನಾವು ಅಂತ ಕೇಳಲೇಬೇಕು.

'ಆನ್ ಇನ್‌ಕನ್ವೀನಿಯೆಂಟ್ ಟ್ರೂತ್' ಚಿತ್ರವನ್ನು ಇತ್ತೀಚೆಗೆ ಮತ್ತೆ ನೋಡಿದಾಗ ನನ್ನನ್ನು ಕಾಡಿದ್ದು ಇದೇ ಪ್ರಶ್ನೆ. ಡೇವಿಸ್ ಗುಗನ್‌ಹೈಮ್ ನಿರ್ದೇಶಿಸಿದ ಈ ಸಾಕ್ಷ್ಯಚಿತ್ರ 2006ರಲ್ಲಿ ಬಂತು, ಎರಡು ಆಸ್ಕರ್ ಗೆದ್ದಿತು. ಮರುವರ್ಷ ಅಲ್ ಗೋರ್‌ಗೆ, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಜೊತೆ, ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಬಿಡಿಸಿ ನೋಡಿದ್ರೆ ಇದೊಂದು ಸ್ಲೈಡ್ ಶೋ, ಅಷ್ಟೇ. ಆಫೀಸಿನ ಮೀಟಿಂಗಿನಲ್ಲಿ ನಾವೆಲ್ಲ ತೂಕಡಿಸೋ ಆ ಪ್ರಕಾರವನ್ನು ಒಂದೂವರೆ ಗಂಟೆ ಕಣ್ಣು ಮಿಟುಕಿಸದೆ ನೋಡೋ ಹಾಗೆ ಮಾಡಿದ್ದು ಸಣ್ಣ ಸಾಧನೆಯಲ್ಲ.

ಚಿತ್ರದ ನಿಜವಾದ ಶಕ್ತಿ ಒಂದು ಗ್ರಾಫಿನಲ್ಲಿದೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅನ್ನೋ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 315 ಭಾಗ ಇತ್ತು. ಚಿತ್ರ ಬಂದಾಗ 380ರ ಆಸುಪಾಸು. ಈಗ 420 ದಾಟಿದೆ. ಉತ್ತರ ಗೋಳಾರ್ಧದ ಗಿಡಮರಗಳು ಚಿಗುರಿದಾಗ ಗೆರೆ ಕೆಳಗಿಳಿಯುತ್ತೆ, ಎಲೆ ಉದುರಿದಾಗ ಏರುತ್ತೆ. ವರ್ಷಕ್ಕೊಂದು ಉಸಿರು. ಆದರೆ ಪ್ರತಿ ಉಸಿರೂ ಹಿಂದಿನದಕ್ಕಿಂತ ಮೇಲೆ. ಕಾಲೇಜಿನಲ್ಲಿ ತನಗೆ ಪಾಠ ಹೇಳಿದ ರೋಜರ್ ರೆವೆಲ್ ಅವರಿಂದ ಕಲಿತದ್ದನ್ನು ಗೋರ್ ಒಳ್ಳೆಯ ಮೇಷ್ಟ್ರ ಥರ ವಿವರಿಸ್ತಾರೆ.

ಮುಂದಿನ ಗ್ರಾಫಿನಲ್ಲಿ ಮೇಷ್ಟ್ರು ಸ್ವಲ್ಪ ನಟರಾಗ್ತಾರೆ. ಆರೂವರೆ ಲಕ್ಷ ವರ್ಷಗಳ ಹಿಮದ ಪದರಗಳಿಂದ ತೆಗೆದ ಲೆಕ್ಕ ಅದು. ಅನಿಲದ ಗೆರೆ, ತಾಪಮಾನದ ಗೆರೆ ಎರಡೂ ಜೋಡಿಯಾಗಿ ಏರಿಳಿಯುತ್ತವೆ. ಅನಿಲ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ತೋರಿಸೋಕೆ ಗೋರ್ ಯಂತ್ರದ ಲಿಫ್ಟ್ ಹತ್ತಿ ಪರದೆಯ ಮೇಲ್ತುದಿಗೆ ಹೋಗ್ತಾರೆ. ಚಪ್ಪಾಳೆ ಗಿಟ್ಟಿಸೋ ದೃಶ್ಯ. ಆದರೆ ಆ ಹಳೆಯ ಕಾಲದಲ್ಲಿ ಹಲವು ಸಲ ತಾಪಮಾನವೇ ಮೊದಲು ಏರೋಕೆ ಶುರುವಾಗಿ, ಅನಿಲ ಆಮೇಲೆ ಏರಿತ್ತು. ಸಂಬಂಧ ಜಟಿಲ ಅಂತ ಒಂದು ಮಾತು ಹೇಳಿ ಗೋರ್ ಮುಂದೆ ಹೋಗಿಬಿಡ್ತಾರೆ.

ಎದುರಾಳಿಗಳು ಹಿಡಿದದ್ದು ಇದನ್ನೇ. 2007ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದ 'ದಿ ಗ್ರೇಟ್ ಗ್ಲೋಬಲ್ ವಾರ್ಮಿಂಗ್ ಸ್ವಿಂಡಲ್' ಅನ್ನೋ ಚಿತ್ರ, ನೋಡಿ, ಅನಿಲ ಕಾರಣವೇ ಅಲ್ಲ, ಎಲ್ಲ ಸೂರ್ಯನ ಆಟ ಅಂತ ವಾದ ಹೂಡಿತು. ಉತ್ತರ ಅಷ್ಟು ಕಷ್ಟದ್ದಲ್ಲ. ಹಿಮಯುಗ ಮುಗಿಯುವಾಗ ಭೂಮಿಯ ಕಕ್ಷೆ ಮತ್ತು ವಾಲಿಕೆಯ ಬದಲಾವಣೆಯಿಂದ ಬಿಸಿ ಶುರುವಾಗುತ್ತೆ. ಬೆಚ್ಚಗಾದ ಸಾಗರ ತನ್ನೊಳಗಿನ ಅನಿಲ ಬಿಡುತ್ತೆ. ಆ ಅನಿಲ ಬಿಸಿಯನ್ನು ಇನ್ನಷ್ಟು ಏರಿಸುತ್ತೆ. ಈ ಸಲ ಕಕ್ಷೆ ಏನೂ ಮಾಡಿಲ್ಲ. ಕಲ್ಲಿದ್ದಲು, ಪೆಟ್ರೋಲು ಸುಟ್ಟು ಅನಿಲವನ್ನು ಮೊದಲೇ ತುಂಬಿದ್ದಾಗಿದೆ. ಇನ್ನು ಸೂರ್ಯನೇ ಕಾರಣ ಆಗಿದ್ರೆ ವಾತಾವರಣದ ಮೇಲ್ಪದರವೂ ಬಿಸಿಯಾಗಬೇಕಿತ್ತು. ಅಳತೆ ಹೇಳೋದು ತದ್ವಿರುದ್ಧ. ಕೆಳಪದರ ಕಾಯುತ್ತಿದೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಲಿಫ್ಟಿಗೆ ಕೊಟ್ಟ ಸಮಯದಲ್ಲಿ ಅರ್ಧ ಇದಕ್ಕೆ ಕೊಟ್ಟಿದ್ರೆ ಎಷ್ಟೋ ವರ್ಷಗಳ ಟಿವಿ ಜಗಳ ಉಳಿಯುತ್ತಿತ್ತು ಅನ್ಸುತ್ತೆ.

ಅದೇ ವರ್ಷ ಲಂಡನ್ನಿನ ಹೈಕೋರ್ಟಿಗೂ ಈ ಚಿತ್ರ ಹೋಯ್ತು. ಶಾಲೆಗಳಲ್ಲಿ ತೋರಿಸಬಹುದಾ ಅನ್ನೋದು ಪ್ರಶ್ನೆ. ನ್ಯಾಯಮೂರ್ತಿ ಬರ್ಟನ್ ಒಂಬತ್ತು 'ತಪ್ಪು'ಗಳನ್ನು ಪಟ್ಟಿ ಮಾಡಿದರು. ಸಮುದ್ರ ಇಪ್ಪತ್ತು ಅಡಿ ಏರೋದು ಇನ್ನೇನು ಬಂದೇಬಿಡ್ತು ಅನ್ನೋ ಹಾಗೆ ತೋರಿಸಿದ್ದು, ಕತ್ರಿನಾ ಚಂಡಮಾರುತವನ್ನು ನೇರವಾಗಿ ತಾಪಮಾನ ಏರಿಕೆಗೆ ಗಂಟು ಹಾಕಿದ್ದು, ಇಂಥವು. ಆದರೆ ಚಿತ್ರದ ಮುಖ್ಯ ವಾದ ವಿಜ್ಞಾನಕ್ಕೆ ಒಪ್ಪುವಂಥದ್ದೇ, ತಕ್ಕ ವಿವರಣೆ ಜೊತೆಗೆ ಶಾಲೆಯಲ್ಲಿ ತೋರಿಸಬಹುದು ಅಂತಲೂ ಅದೇ ತೀರ್ಪು ಹೇಳಿತು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಒಂಬತ್ತರ ಲೆಕ್ಕ. ಉತ್ಪ್ರೇಕ್ಷೆಗೆ ಇದೇ ಶಿಕ್ಷೆ.

ನನ್ನ ತಕರಾರು ಈ ಒಂಬತ್ತರಲ್ಲಿಲ್ಲ. ಚಿತ್ರದಲ್ಲಿ ಮನಸ್ಸು ಕಲಕೋದು ಗೋರ್ ಅಕ್ಕನ ಕಥೆ. ಅವರ ಮನೆತನ ತಂಬಾಕು ಬೆಳೀತಿತ್ತು. ಅಕ್ಕ ನ್ಯಾನ್ಸಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ತಂದೆ ತಂಬಾಕು ಬೆಳೆಯೋದು ನಿಲ್ಲಿಸಿದರು. ಆ ಅಕ್ಕನಿಗೆ ಹೆಸರಿದೆ, ಮುಖ ಇದೆ. ನಮ್ಮ ಕಡೆಯವರು ಬರೋದು ಹೇಗೆ? 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮುಂಬೈ ಆಗಿ, ಮುಳುಗಬಹುದಾದ ಕೋಲ್ಕತ್ತ-ಬಾಂಗ್ಲಾದೇಶದ ಆರು ಕೋಟಿ ಜನ ಆಗಿ. ನೀರು ಮತ್ತು ಸಂಖ್ಯೆ, ಅಷ್ಟೇ. ತಾಪಮಾನ ಏರಿಕೆಯಲ್ಲಿ ಅಮೆರಿಕದ ಪಾಲು ಶೇಕಡಾ 30ರಷ್ಟು ಅಂತ ತೋರಿಸೋ ಒಂದು ನಕ್ಷೆ ಇದೆ ನಿಜ. ಅದು ಬಂದಷ್ಟೇ ಬೇಗ ಹೋಗಿಬಿಡುತ್ತೆ. ಆಮೇಲೆ ಮತ್ತೆ ಎಲ್ಲರನ್ನೂ ಒಂದೇ ದೋಣಿಗೆ ಹತ್ತಿಸೋ 'ನಾವು'.

ಈ ಚಿತ್ರಕ್ಕಿಂತ ಹದಿನೈದು ವರ್ಷ ಮೊದಲೇ, 1991ರಲ್ಲಿ, ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟಿನ ಅನಿಲ್ ಅಗರ್ವಾಲ್ ಮತ್ತು ಸುನಿತಾ ನಾರಾಯಣ್ ಒಂದು ಪುಟ್ಟ ಪುಸ್ತಕ ಬರೆದಿದ್ದರು, 'ಗ್ಲೋಬಲ್ ವಾರ್ಮಿಂಗ್ ಇನ್ ಆನ್ ಅನ್ಈಕ್ವಲ್ ವರ್ಲ್ಡ್' ಅಂತ. ಬಡರೈತನ ಗದ್ದೆ, ದನಗಳಿಂದ ಬರೋ ಮೀಥೇನನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗ್ತೀರಾ ಅಂತ ಕೇಳಿದ್ದರು. ಒಂದು ಬದುಕೋಕೆ, ಇನ್ನೊಂದು ಐಷಾರಾಮಕ್ಕೆ. ಈ ವ್ಯತ್ಯಾಸ ಗೋರ್ ಅವರ ನೂರಾರು ಸ್ಲೈಡುಗಳಲ್ಲಿ ಒಂದಕ್ಕಾದರೂ ಬೇಕಿತ್ತು. ಅದಿಲ್ಲದ್ದರಿಂದಲೇ ಕೊನೆ ಪೇಲವ. ಅಷ್ಟು ದೊಡ್ಡ ಗಂಡಾಂತರ ತೋರಿಸಿ, ಹೆಸರುಗಳು ಉರುಳುವಾಗ ಚಿತ್ರ ನಮ್ಮ ಕೈಗೊಂದು ಪಟ್ಟಿ ಕೊಡುತ್ತೆ. ಬಲ್ಬು ಬದಲಾಯಿಸಿ, ಥರ್ಮೋಸ್ಟಾಟ್ ಸರಿ ಮಾಡಿ, ಹೈಬ್ರಿಡ್ ಕಾರು ಕೊಳ್ಳಿ. ಒಳ್ಳೆಯ ನಾಯಕರಿಗೆ ಮತ ಹಾಕಿ ಅನ್ನೋದೂ ಇದೆ, ಬಲ್ಬು-ಥರ್ಮೋಸ್ಟಾಟುಗಳ ನಡುವೆ ಇನ್ನೊಂದು ಸಲಹೆಯಾಗಿ.

ಇಷ್ಟು ಓದಿ, ಹಾಗಾದ್ರೆ ತಪ್ಪೆಲ್ಲ ಅಮೆರಿಕದ್ದು, ನಾವು ಪಾರು ಅಂತ ನೀವು ಕಾಫಿ ತರೋಕೆ ಏಳೋ ಹಾಗಿಲ್ಲ. ಅಮೆರಿಕದಲ್ಲಿ ತಲಾ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ಭಾರತದಲ್ಲಿ ಸುಮಾರು 2 ಟನ್. ಈ ಎರಡು ಟನ್ ಸರಾಸರಿ ಅನ್ನೋದು ನಮ್ಮಂಥವರಿಗೆ ಬೆಚ್ಚಗಿನ ಕಂಬಳಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಮ್ಮೆ ಹೋಗಿಬಂದ್ರೆ, ಎಕಾನಮಿ ಸೀಟಿನಲ್ಲೇ ಆದರೂ, ಹೆಚ್ಚೂಕಡಿಮೆ ಆ ಇಡೀ ವರ್ಷದ ಲೆಕ್ಕ ಮುಗೀತು. 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಒಂದು ವರದಿಗೆ 'ಹೈಡಿಂಗ್ ಬಿಹೈಂಡ್ ದ ಪೂರ್' ಅಂತ ಹೆಸರಿಟ್ಟಿತ್ತು, ಬಡವರ ಹಿಂದೆ ಅಡಗಿಕೊಳ್ಳೋದು ಅಂತ. ರಾಯಚೂರಿನ ಶಕ್ತಿನಗರದ 1720 ಮೆಗಾವಾಟ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಬರೋ ಕರೆಂಟು ಗ್ರಿಡ್ಡಿಗೆ ಸೇರಿ ನಮ್ಮ ಏಸಿಗೂ ಬರುತ್ತೆ, ಬೂದಿ ಅಲ್ಲೇ ಉಳಿಯುತ್ತೆ. ಅಲ್ಲಿನ ಬಿಸಿಲಲ್ಲಿ ಕಳೆ ಕೀಳೋ ಹೆಂಗಸಿಗೆ ನಾನು 'ನಾವು ಭೂಮಿಯನ್ನು ಕಾಯಿಸಿಬಿಟ್ವಿ' ಅಂತ ಹೇಳಿದ್ರೆ, ತಮಿಳಿನಲ್ಲಿ ಅದು 'ನಾಂಗಳ್' ಆಗಬೇಕು.

ಚಿತ್ರ ನೋಡದೇ ಇದ್ದರೆ ಖಂಡಿತ ನೋಡಿ. ಕೀಲಿಂಗ್ ಗ್ರಾಫಿಗಾಗಿ, ಆ ಅಕ್ಕನಿಗಾಗಿ ನೋಡಿ. ಕೊನೆಯ ಪಟ್ಟಿ ಬಂದಾಗ ಮಾತ್ರ ಎದ್ದು ಹೋಗಬೇಡಿ. ಆ ಒಂದೊಂದು ಸಲಹೆಯೂ ಯಾರಿಗೆ ಅಂತ ಕೇಳಿಕೊಳ್ಳಿ. ಹೆಚ್ಚಿನವು ರಾಯಚೂರಿನ ಆ ಹೆಂಗಸಿಗಲ್ಲ. ನನಗೆ, ನಿಮಗೆ.