ಹಳೆಯ ಕಾರಿನ ಸ್ವಹಸ್ತ ದುರಸ್ತಿ: ಒಂದು ಗುಣದೋಷ ವಿಚಾರ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ ಅಂಬಾಸಿಡರ್, 1950ರ ದಶಕದ ಉತ್ತರಾರ್ಧದಲ್ಲಿ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ತನ್ನ ಮೂಲಾಕೃತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡೇ ಬಂದಿತು. ಅಂಥ ಕಾರೊಂದರ ಬಾನೆಟ್ಟನ್ನೆತ್ತಿ ನಿಲ್ಲಿಸಿ, ಭಾನುವಾರದ ಮುಂಜಾವನ್ನು ಸ್ಪ್ಯಾನರುಗಳ ನಡುವೆ ಕಳೆಯುವ ಗೃಹಸ್ಥರು ಇಂದಿಗೂ ನಮ್ಮಲ್ಲಿ ಉಂಟು. ಅವರ ಈ ಅಭ್ಯಾಸವನ್ನು ಕುರಿತು ಮೆಚ್ಚುಗೆಯ ಮಾತೂ ಪರಿಹಾಸ್ಯದ ಮಾತೂ ಧಾರಾಳವಾಗಿ ಕೇಳಿಬರುತ್ತವೆಯಾದರೂ, ಅದರ ಗುಣದೋಷಗಳನ್ನು ಸಮಚಿತ್ತದಿಂದ ತೂಗಿ ನೋಡಿದ ವಿಚಾರ ವಿರಳ. ಆ ಕಾರ್ಯವನ್ನು ಇಲ್ಲಿ ಮಿತವಾಗಿ ಮಾಡಬಹುದು.

ಮೊದಲು ಒಪ್ಪಿಕೊಳ್ಳತಕ್ಕ ಸಂಗತಿಯೊಂದಿದೆ: ಈ ಅಭ್ಯಾಸದ ಶ್ರೇಯಸ್ಸಿನಲ್ಲಿ ಅರ್ಧಪಾಲು ಯಂತ್ರವನ್ನು ರೂಪಿಸಿದವರಿಗೇ ಸಲ್ಲಬೇಕು. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನಿನಲ್ಲಾಗಲಿ, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಇಂಜಿನಿನಲ್ಲಾಗಲಿ, ಡಿಸ್ಟ್ರಿಬ್ಯೂಟರು, ಕಾರ್ಬ್ಯುರೇಟರು, ಪೆಟ್ರೋಲ್ ಪಂಪು ಇವೆಲ್ಲ ಕಣ್ಣಿಗೆ ಕಾಣುವಂತೆ, ಕೈಗೆ ಎಟಕುವಂತೆ ಬೇರೆಬೇರೆಯಾಗಿ ನೆಲೆಗೊಂಡಿರುತ್ತವೆ. ಒಂದೊಂದನ್ನೂ ಬಿಚ್ಚಬಹುದು, ಶುಚಿಗೊಳಿಸಬಹುದು, ಅಳತೆಮಾಡಿ ಮರಳಿ ಕೂಡಿಸಬಹುದು. ಇಂಧನವನ್ನೂ ಕಿಡಿಯನ್ನೂ ಕಂಪ್ಯೂಟರೇ ನಿಯಂತ್ರಿಸುವ ಈಚಿನ ಕಾರುಗಳಲ್ಲಿ ದೋಷವನ್ನು ಓದಲು ಸ್ಕ್ಯಾನರ್ ಎಂಬ ಮತ್ತೊಂದು ಯಂತ್ರ ಬೇಕು. ಆದಕಾರಣ ಹಳೆಯ ಕಾರಿನ ಒಡೆಯನ ಕೌಶಲವನ್ನು ಹೊಗಳುವಾಗ, ಆ ಕೌಶಲಕ್ಕೆ ಆಸ್ಪದವಿತ್ತ ರಚನೆಯನ್ನು ಮರೆಯುವುದು ಅನ್ಯಾಯವಾಗುತ್ತದೆ.

ಸ್ವಹಸ್ತ ದುರಸ್ತಿಯ ಸಮರ್ಥಕರು ಎಲ್ಲಕ್ಕಿಂತ ಮೊದಲು ಮುಂದಿಡುವ ವಾದ ಹಣದ ಉಳಿತಾಯ. ಈ ವಾದ ದುರ್ಬಲವಾದುದು. ಎಣ್ಣೆ ಬದಲಿಸುವಲ್ಲಿ, ಪ್ಲಗ್ಗು ತೊಳೆಯುವಲ್ಲಿ ಉಳಿಯುವ ಕೂಲಿ, ವರ್ಷಕ್ಕೊಮ್ಮೆ ಮಾತ್ರ ಬಳಕೆಗೆ ಬರುವ ಹತ್ಯಾರುಗಳ ಖರೀದಿಯಲ್ಲಿಯೂ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿ ತಂದು ಕಡೆಗೆ ಹೊಂದದೆ ಹೋದ ಬಿಡಿಭಾಗಗಳಲ್ಲಿಯೂ ಸವೆದುಹೋಗುವುದು ಅಪೂರ್ವವೇನೂ ಅಲ್ಲ. ಹಣವೇ ಪ್ರಮಾಣವಾದ ಪಕ್ಷದಲ್ಲಿ ನುರಿತ ಮೇಸ್ತ್ರಿಯ ಬಳಿಗೆ ಹೋಗುವುದೇ ಲೇಸು.

ಈ ಅಭ್ಯಾಸದ ನಿಜವಾದ ಬೆಲೆ ಇರುವುದು ಕಾರಣಾನ್ವೇಷಣೆಯ ಶಿಸ್ತಿನಲ್ಲಿ. ಪೆಟ್ರೋಲ್ ಇಂಜಿನು ಓಡಬೇಕಾದರೆ ಸಿಲಿಂಡರಿನಲ್ಲಿ ಸಾಕಷ್ಟು ಒತ್ತಡ, ಸಕಾಲದಲ್ಲಿ ಕಿಡಿ, ಹದವಾದ ಇಂಧನಮಿಶ್ರಣ ಈ ಮೂರೂ ಕೂಡಿಬರಬೇಕು. ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯತಕ್ಕದ್ದು. ಗಾಡಿ ಏರಿನಲ್ಲಿ ಮುಗ್ಗರಿಸಿತೆಂದರೆ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಲು ಧಾವಿಸುವವರೇ ಬಹಳ. ದೋಷವು ಎಷ್ಟೋ ಸಲ ಡಿಸ್ಟ್ರಿಬ್ಯೂಟರಿನ ಪಾಯಿಂಟಿನಲ್ಲಿ ಅಡಗಿರುತ್ತದೆ. ಇಂಚಿನ ಸಾವಿರದಲ್ಲಿ 14ರಿಂದ 16 ಭಾಗದಷ್ಟಿರಬೇಕಾದ ಅಲ್ಲಿಯ ಅಂತರ, ಪಾಯಿಂಟಿನ ಹಿಮ್ಮಡಿ ಸವೆದಂತೆಲ್ಲ ಕಿರಿದಾಗುತ್ತ, ಅದರೊಡನೆ ಕಿಡಿಯೂ ತಡವಾಗಿ ಹಾರುತ್ತ, ಇಂಜಿನು ಶಕ್ತಿಗುಂದಿ ಕಾವೇರುವುದು. ಈ ಕಾರ್ಯಕಾರಣ ಸಂಬಂಧವನ್ನು ಅರಿತವನು ಒಂದು ಫೀಲರ್ ಗೇಜಿನಿಂದ ಸಾಧಿಸುವುದನ್ನು, ಅರಿಯದವನು ಹೊಸ ಕಾರ್ಬ್ಯುರೇಟರನ್ನು ಕೊಂಡರೂ ಸಾಧಿಸಲಾರನು.

ಟ್ಯಾಪೆಟ್ ಹೊಂದಿಸುವ ಕೆಲಸದಲ್ಲಿ ಈ ಶಿಸ್ತು ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಅಂಬಾಸಿಡರಿನ ಎಂಟು ವಾಲ್ವುಗಳಿಗೆ ಒಂಬತ್ತರ ಲೆಕ್ಕವೆಂಬುದೊಂದುಂಟು: 8ನೆಯ ವಾಲ್ವು ಪೂರ್ಣವಾಗಿ ತೆರೆದಿರುವಾಗ 1ನೆಯದನ್ನು, 6ನೆಯದು ತೆರೆದಿರುವಾಗ 3ನೆಯದನ್ನು, ಹೀಗೆ ಎರಡರ ಮೊತ್ತ ಒಂಬತ್ತಾಗುವಂತೆ, ಸ್ಟಾರ್ಟಿಂಗ್ ಹ್ಯಾಂಡಲಿನಿಂದ ಇಂಜಿನನ್ನು ಮೆಲ್ಲನೆ ತಿರುಗಿಸುತ್ತ ಸರಿಪಡಿಸಬೇಕು. ಇಲ್ಲಿ ಕಿವಿಯನ್ನು ನಂಬುವಂತಿಲ್ಲ. ಅಂತರ ಹೆಚ್ಚಾದ ಟ್ಯಾಪೆಟ್ ಟಕಟಕನೆ ಸದ್ದುಮಾಡಿ ಎಚ್ಚರಿಸುತ್ತದೆ. ಅತಿಯಾಗಿ ಬಿಗಿಯಾದುದು ನಿಶ್ಶಬ್ದವಾಗಿದ್ದುಕೊಂಡೇ ವಾಲ್ವನ್ನು ಪೂರ್ತಿ ಮುಚ್ಚಗೊಡದೆ ಸುಟ್ಟುಹಾಕುತ್ತದೆ. ಸದ್ದಡಗಿಸಿದೆನೆಂದು ಹಿಗ್ಗುವ ಹವ್ಯಾಸಿಯು ಆ ಮೌನಕ್ಕೆ ತೆರುವ ದಂಡ ಸಣ್ಣದಲ್ಲ.

ಇನ್ನು ದೋಷಗಳ ವಿಚಾರ. ಹವ್ಯಾಸಿಗಳ ಮುಖ್ಯ ದೋಷ ಆತುರ. ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಕಾಯಿಲು ಎಲ್ಲವನ್ನೂ ಒಂದೇ ಮುಂಜಾನೆ ಬದಲಿಸಿದವನಿಗೆ, ಗಾಡಿ ಓಡಿದರೂ ಯಾವುದರಿಂದ ಓಡಿತೆಂಬುದು ತಿಳಿಯದು; ಮದ್ದುಗಳನ್ನೆಲ್ಲ ಒಟ್ಟಿಗೆ ಅರೆದು ಕುಡಿಸಿದ ವೈದ್ಯನಂತೆ ಅವನು ಗುಣಪಡಿಸಿಯೂ ಕಲಿಯದೆ ಉಳಿಯುತ್ತಾನೆ. ಎರಡನೆಯದು, ಪರಂಪರೆಯಿಂದ ಬಂದ ಅವಿಚಾರ: ನಮ್ಮದು ಉಷ್ಣದೇಶವೆಂಬ ನೆವದಿಂದ ಥರ್ಮೋಸ್ಟಾಟನ್ನು ಕಿತ್ತೆಸೆಯುವ ಪದ್ಧತಿ ಇದಕ್ಕೆ ನಿದರ್ಶನ. ಹಾಗೆ ಮಾಡಿದಾಗ ಇಂಜಿನು ಬಿಸಿಯೇರಲು ದೀರ್ಘಕಾಲ ಹಿಡಿದು, ಪೆಟ್ರೋಲಿನ ವ್ಯಯವೂ ಸಿಲಿಂಡರಿನ ಸವೆತವೂ ಹೆಚ್ಚುತ್ತವೆ. ಮೂರನೆಯದು, ಹಳೆಯ ಎಣ್ಣೆಯನ್ನು ಮನೆಯೆದುರಿನ ಚರಂಡಿಗೆ ಸುರಿಯುವ ಹೊಣೆಗೇಡಿತನ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕಾಲವೂ ಬದಲಾಗಿದೆ. ಸೀಸ ಬೆರೆತ ಪೆಟ್ರೋಲಿನ ಮಾರಾಟ ದೇಶದಲ್ಲಿ 2000ದಲ್ಲಿ ನಿಂತಿತು. ವಾಲ್ವು ಕೂರುವ ಎಡೆಯನ್ನು ಸೀಸದ ಲೇಪವೇ ಕಾಪಾಡುತ್ತಿದ್ದ ಹಳೆಯ ಇಂಜಿನುಗಳಲ್ಲಿ ಆ ಎಡೆ ಬೇಗ ಸವೆಯುವ ಭಯವಿದೆ. ಈಗ ಬಂಕುಗಳಲ್ಲಿ ದೊರೆಯುವ, ನೂರಕ್ಕೆ 20 ಭಾಗದವರೆಗೆ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನು ಮೆತುವಾಗಿಸಿ ಬಿರುಕುಬಿಡಿಸಬಲ್ಲುದು. ಬಿಸಿ ಇಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಒದಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಹಳೆಯ ಕೈಪಿಡಿಯನ್ನು ಅಕ್ಷರಶಃ ಅನುಸರಿಸಿದರೆ ಸಾಲದು; ಅದು ಬರೆಯಲ್ಪಟ್ಟ ಕಾಲದಲ್ಲಿ ಇಲ್ಲದ ಅಪಾಯಗಳನ್ನೂ ಗಣಿಸಬೇಕು.

ಎಲ್ಲೆಯ ಪ್ರಶ್ನೆಯೇ ಕಡೆಯದು. ಹೊಂದಿಸುವುದು, ಶುಚಿಗೊಳಿಸುವುದು, ಬದಲಿಸುವುದು ಒಡೆಯನ ಅಧಿಕಾರವ್ಯಾಪ್ತಿಗೆ ಸೇರಿದುವು. ಸಿಲಿಂಡರನ್ನು ಬೋರ್ ಮಾಡುವುದು, ಕ್ರ್ಯಾಂಕನ್ನು ಅರೆಯುವುದು, ಸೊಟ್ಟಗಾದ ಹೆಡ್ಡನ್ನು ಸಮಮಾಡುವುದು ಲೇತು ಮೊದಲಾದ ಯಂತ್ರಗಳನ್ನೂ ಅವುಗಳ ಮುಂದೆ ಬಹುಕಾಲ ನಿಂತು ಪಳಗಿದ ಕೈಯನ್ನೂ ಬೇಡುವ ಕೆಲಸಗಳು. ಬ್ರೇಕಿನ ವಿಷಯದಲ್ಲಿ ಪ್ರಯೋಗಶೀಲತೆ ಸಲ್ಲದು; ರಸ್ತೆಯಲ್ಲಿ ಪರರ ಪ್ರಾಣವೂ ಆ ಪ್ರಯೋಗಕ್ಕೆ ಒಳಗಾಗುತ್ತದೆ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ಅನಂತರ ಐದೈದು ವರ್ಷಗಳಿಗೊಮ್ಮೆ ತಪಾಸಣೆಯೊಡನೆ ನವೀಕರಿಸಬೇಕೆಂಬ ಕಾನೂನಿನ ಇಂಗಿತವೂ ಇದೇ.

ಹೀಗೆ ತೂಗಿ ನೋಡಲಾಗಿ, ಸ್ವಹಸ್ತ ದುರಸ್ತಿಯು ಮಿತವ್ಯಯದ ಉಪಾಯವಾಗಿ ಸಾಧಾರಣ, ಪ್ರತಿಷ್ಠೆಯ ಪ್ರದರ್ಶನವಾಗಿ ನಿಷ್ಫಲ, ವಿಚಾರಶಕ್ತಿಯ ವ್ಯಾಯಾಮವಾಗಿ ಉತ್ತಮ ಎಂದು ನಿರ್ಣಯಿಸಬಹುದು. ಈ ಹಾದಿಗೆ ಇಳಿಯಬಯಸುವವರು ಮೊದಲು ಕೈಪಿಡಿಯನ್ನು ಓದಲಿ. ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ಬರೆದಿಡಲಿ. ಜಾಕಿನ ಮೇಲಷ್ಟೇ ನಿಂತ ಕಾರಿನಡಿಗೆ ಎಂದಿಗೂ ನುಸುಳದಿರಲಿ. ತಮ್ಮ ಊರಿನ ಹಳೆಯ ಮೇಸ್ತ್ರಿಯೊಡನೆ ಸ್ನೇಹ ಬೆಳೆಸಿ, ಅವರು ಕಸುಬನ್ನು ಬಿಡುವ ಮುನ್ನ ಅವರಿಂದ ಕಲಿಯತಕ್ಕುದನ್ನೆಲ್ಲ ಕಲಿತುಕೊಳ್ಳಲಿ.