ನಾಗಪ್ಪನ ಗುಮಾನಿ

ಯಶವಂತ ಚಿತ್ತಾಲರ ‘ಶಿಕಾರಿ’ (1979) ಎಂದೊಡನೆ ಕಾಫ್ಕಾನ ಹೆಸರು ಬಂದುಬಿಡುತ್ತದೆ. ಮುಂಬೈನ ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ರಜೆಯ ಮೇಲೆ ಕಳಿಸುತ್ತಾರೆ. ಆರೋಪ ಏನೆಂದು ಹೇಳುವುದಿಲ್ಲ. ಹೋಲಿಕೆ ಅಲ್ಲಿಯವರೆಗೆ ಸರಿ. ಆದರೆ ನಾಗಪ್ಪನನ್ನು ಕಂಗೆಡಿಸುವುದು ಕಂಪನಿಯ ಮೌನವಷ್ಟೇ ಅಲ್ಲ, ಆ ಮೌನವನ್ನು ತುಂಬಲು ಅವನದೇ ಬುದ್ಧಿ ಪಡುವ ಪಾಡು. ಬಾಲ್ಯದಿಂದ ಬಲ್ಲ ಶ್ರೀನಿವಾಸ, ಕಚೇರಿಯ ಫಿರೋಜ್, ಯಾರೋ ನಕ್ಕದ್ದು, ಯಾರೋ ಸುಮ್ಮನಿದ್ದದ್ದು, ಎಲ್ಲವೂ ಸಾಕ್ಷ್ಯ. ವಾಟ್ಸಾಪಿನಲ್ಲಿ ನೀಲಿ ಗೆರೆ ಬಿದ್ದೂ ಉತ್ತರ ಬಾರದ ಸಂಜೆ ನಾವು ಮಾಡುವುದೂ ಇದನ್ನೇ: ಹೋದ ವಾರದ ಮಾತುಗಳನ್ನೆಲ್ಲ ಕೆದಕಿ ನೋಡುತ್ತೇವೆ. ನಮ್ಮದು ಮರುದಿನದ ಒಂದು ಫೋನಿಗೆ ಕರಗುತ್ತದೆ. ನಾಗಪ್ಪನಾದರೆ ಆ ಫೋನು ಮಾಡಿಸಿದವರು ಯಾರೆಂದು ಯೋಚಿಸುತ್ತ ಕೂತಾನು.

ಇದನ್ನು ಮನೋರೋಗವೆಂದು ಬದಿಗಿಡುವಂತಿಲ್ಲ, ಯಾಕೆಂದರೆ ಅವನ ಗುಮಾನಿ ಪೂರ್ತಿ ಸುಳ್ಳಲ್ಲ. ಬೇಟೆ ನಡೆದಿದೆ, ಬೇಟೆಗೆ ಸಿಕ್ಕವನ ಮನಸ್ಸೂ ಕದಡಿದೆ. ಎರಡನ್ನೂ ಬಿಡಿಸಿಕೊಡದೆ ಚಿತ್ತಾಲರು ಓದುಗರನ್ನು ಅವನ ತಲೆಯೊಳಗೇ ಕೂಡಿಹಾಕುತ್ತಾರೆ. ತಾನೇ ಪ್ರಶ್ನೆ ಹಾಕಿ, ಬಂದ ಉತ್ತರವನ್ನೂ ಶಂಕಿಸುವ ಆ ದೀರ್ಘ ಸ್ವಗತಗಳು ಅಲ್ಲಲ್ಲಿ ಅತಿಯಾದವು ಅನ್ನಿಸುವುದುಂಟು (ಪುಟ ಹಾರಿಸುವವರೂ ಇದ್ದಾರೆ). ಹಾರಿಸಿದರೆ ಉಳಿಯುವುದು ಬರೀ ಆಫೀಸಿನ ರಾಜಕೀಯದ ಕತೆ.